ಶುಕ್ರವಾರದ ಸಂಜೆಯ ಸ್ತುತಿ

ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋಗುವ ನಾವು ದಾರಿಯಲ್ಲಿ ಯೆಹೂದ್ಯರ ಶ್ಮಶಾನವನ್ನು ದಾಟುತ್ತೇವೆ. ಕಮರ್ಷಿಯಲ್ ಸ್ಟ್ರೀಟಿನ ಪಾದರಕ್ಷೆ ವ್ಯಾಪಾರಿ ರೂಬಿನ್ ಮೋಸೆಸರ ಜನಾಂಗದವರಿಗೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ಕೊಟ್ಟ ನೆಲವದು. ನಗರದಲ್ಲಿ ಆ ಜನರಿಗೆ ಸಭಾಮಂದಿರವಿರಲಿಲ್ಲ. ಆದಕಾರಣ ಅವರ ಭಕ್ತಿಯು ಬಹುಮಟ್ಟಿಗೆ ಮನೆಯೊಳಗೇ ನಡೆಯಬೇಕಾಯಿತು.

ಶುಕ್ರವಾರ ಸೂರ್ಯನು ಮುಳುಗಿದರೆ ಸಬ್ಬತ್ತು. ಅಷ್ಟರೊಳಗೆ ಅಡಿಗೆ ಮುಗಿಯಬೇಕು, ಹೆಂಡತಿಯು ದೀಪ ಹಚ್ಚಬೇಕು. ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲ. ಸೌದೆ ಹಸಿಯಾಗಿದ್ದು ಗಂಡನೂ ಅಂಗಡಿಯಿಂದ ತಡವಾಗಿ ಬಂದರೆ ಮಾತಿಗೆ ಮಾತು ಬೆಳೆಯದೆ ಇದ್ದೀತೇ? (ನಮ್ಮ ಮನೆಗಳಲ್ಲಿ ಇದಕ್ಕೆ ಶುಕ್ರವಾರವೇ ಬೇಕಾಗಿಲ್ಲ.) ಆದರೂ ಊಟಕ್ಕೆ ಮುಂಚೆ ಗಂಡನು ಜ್ಞಾನೋಕ್ತಿಗಳ 31ನೆಯ ಅಧ್ಯಾಯದಿಂದ ಗುಣವತಿಯಾದ ಹೆಂಡತಿಯ ಸ್ತುತಿಯನ್ನು ಹಾಡುವದು ಅವರ ವಾಡಿಕೆ.

ಅನ್ನ ಸೀದ ದಿನ ಹೀಗೆ ಹಾಡುವದು ಕಪಟವಲ್ಲವೇ? ಮದಲಗಿತ್ತಿಯನ್ನು ಹೇಗೆ ಹೊಗಳಬೇಕೆಂದು ಅವರ ಪೂರ್ವಕಾಲದ ಶಾಸ್ತ್ರಿಗಳಲ್ಲಿಯೇ ವಾದವಾಯಿತು. ಇದ್ದದ್ದನ್ನು ಇದ್ದಂತೆ ಹೇಳಿರೆಂದರು ಶಮ್ಮಾಯಿಯ ಶಿಷ್ಯರು. ಯಾರೇ ಆಗಲಿ, ಸುಂದರಿಯೂ ಸುಶೀಲೆಯೂ ಎನ್ನಿರೆಂದರು ಹಿಲ್ಲೇಲನ ಶಿಷ್ಯರು. ನಮಗೆ ಹಿಲ್ಲೇಲನ ಪಕ್ಷವೇ ಸರಿತೋರುತ್ತದೆ. ಈ ಸಂಜೆ ಅನ್ನ ಸೀದದ್ದು ನಿಜ. ಇಪ್ಪತ್ತು ವರುಷ ಅವಳು ಬೇಯಿಸಿ ಬಡಿಸಿದ್ದೂ ನಿಜವೇ. ಗಂಡನು ಎರಡನೆಯದನ್ನು ಮರೆತಿರುವ ಸಂಜೆಯಲ್ಲಿಯೇ ಆ ಹಾಡು ಅವನಿಗೆ ಬೇಕು.

ತಡವಾಗಿ ಬಂದ ಗಂಡನನ್ನು ಹೆಂಡತಿಯು ಹೊಗಳಬೇಕಾದ ಹಾಡು ಆ ವಾಡಿಕೆಯಲ್ಲಿಲ್ಲ. ಅವಳು ಸುಮ್ಮನೆ ಬಡಿಸುತ್ತಾಳೆ.