ದಾರಿಯ ಮೇಲೆ ಉಳಿದ ಕಲ್ಲು

ಮೋಟಾರು ಅಪಘಾತವೆಂಬುದು ನಿಮಿಷದೊಳಗೆ ಮುಗಿದುಹೋಗುವ ಸಂಗತಿ. ಅದರ ಬಾಕಿ ಮಾತ್ರ ಬಹಳ ಹೊತ್ತು ಉಳಿಯುತ್ತದೆ. ಗಾಯಗೊಂಡವರನ್ನು ಆಸ್ಪತ್ರೆಗೆ ಸಾಗಿಸಬೇಕು, ಪೊಲೀಸರಿಗೆ ತಿಳಿಸಬೇಕು, ವಿಮೆಯವರಿಗೆ ಹೇಳಬೇಕು. ಕೊನೆಗೆ, ಮುರಿದು ನಿಂತ ಗಾಡಿಯನ್ನು ದಾರಿಯಿಂದ ಎಳೆಸಿಕೊಂಡು ಹೋಗಬೇಕು. ಈ ಕೊನೆಯ ಕೆಲಸ ಗಾಡಿಯ ಯಜಮಾನನಿಗೂ ಕ್ರೇನಿನವನಿಗೂ ನಡುವಿನ ವ್ಯವಹಾರ; ಇದರಲ್ಲಿ ಧರ್ಮಾಧರ್ಮದ ವಿಚಾರಕ್ಕೆ ಎಡೆಯೇನಿದೆ ಎಂದು ನಾನೂ ತಿಳಿದಿದ್ದೆ. ಹಾಗಲ್ಲವೆಂದು ನನಗೆ ಕಲಿಸಿದ್ದು ನಾಲ್ಕು ಕಲ್ಲುಗಳು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಕಲಬುರಗಿ ಜಿಲ್ಲೆಯ ಈ ಸೀಮೆಯನ್ನು ಕಂಡವರಿಗೆ ಇಲ್ಲಿ ಕಲ್ಲಿಗೆ ಬರವಿಲ್ಲವೆಂಬುದು ಗೊತ್ತು. ನೆಲದಡಿಯಲ್ಲಿ ಸುಣ್ಣಕಲ್ಲಿನ ಹಾಸು. ಪದರ ಪದರವಾಗಿ ಬಿಡಿಸಿದರೆ ಅದು ಶಹಾಬಾದಿ ಫರಸಿ. ಅರೆದು ಸುಟ್ಟರೆ ಸಿಮೆಂಟು. ನಾಡಿನ ಎಷ್ಟೋ ಮನೆಗಳ ಪಡಸಾಲೆಗೆ ಹಾಸಿದ ಕಲ್ಲು ಇಲ್ಲಿಯದು. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳಿವೆ. ಆದ್ದರಿಂದ ಇಲ್ಲಿಯ ರಸ್ತೆಗಳಲ್ಲಿ ಹಗಲಿರುಳೂ ಭಾರ ಹೊತ್ತ ಲಾರಿಗಳ ಓಡಾಟ. ತೊಗರಿಯ ರಾಶಿಯ ಕಾಲ ಬಂದರೆ ಅವುಗಳ ನಡುವೆ ಟ್ರ್ಯಾಕ್ಟರುಗಳೂ ಸೇರಿಕೊಳ್ಳುತ್ತವೆ. ಅವುಗಳ ಟ್ರೇಲರಿಗೆ ಹಿಂದೆ ಕೆಂಪು ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಒಂದು ಜನವರಿಯ ಮುಸ್ಸಂಜೆ ನಾನು ಸೇಡಮಿನಿಂದ ಕಲಬುರಗಿಗೆ ಬರುತ್ತಿದ್ದೆ. ಮಳಖೇಡ ದಾಟಿ ಕೆಲವು ಮೈಲಿ ಬಂದಿರಬೇಕು. ದೀಪವಿಲ್ಲದ ಟ್ರೇಲರೊಂದು ಕಣ್ಣಿಗೆ ಬಿದ್ದದ್ದು ತೀರ ಹತ್ತಿರಕ್ಕೆ ಬಂದ ಮೇಲೆ. ಅದನ್ನು ತಪ್ಪಿಸಲು ಹೋಗಿ ನನ್ನ ಕಾರು ಸಣ್ಣದೊಂದು ಸೇತುವೆಯ ಕಟ್ಟೆಗೆ ಬಡಿಯಿತು. ಮುಂದಿನ ಗಾಲಿ ಒಳಕ್ಕೆ ಮಡಿಚಿಕೊಂಡಿತು. ರೇಡಿಯೇಟರಿನ ನೀರೆಲ್ಲ ಸೋರಿಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಆದರೆ ಕಾರಿನ ಅರ್ಧ ಮೈ ಡಾಂಬರಿನ ಮೇಲೆಯೇ ಉಳಿಯಿತು.

ಪಕ್ಕದ ಹೊಲದಿಂದ ಮೂವರು ಓಡಿಬಂದರು. ಅವರಲ್ಲಿ ಹಿರಿಯನು, “ಜೀವಕ್ಕೇನೂ ಆಗಿಲ್ಲ ಅಲ್ರಿ ಸರ? ಗಾಡಿ ಹೋದ್ರ ಹೋಗ್ಲಿ, ಮತ್ತ ಬರ್ತದ,” ಎಂದ. ನಾವೆಲ್ಲ ಸೇರಿ ನೂಕಿದರೂ ಕಾರು ಕದಲಲಿಲ್ಲ. ಆಗ ಅವರು ದಂಡೆಯಲ್ಲಿ ಬಿದ್ದಿದ್ದ ನಾಲ್ಕು ದಪ್ಪ ಕಲ್ಲುಗಳನ್ನು ತಂದು ಕಾರಿನ ಹಿಂದೆ ರಸ್ತೆಯ ಮೇಲೆ ಸಾಲಾಗಿ ಇಟ್ಟರು. ಒಂದು ಜಾಲಿಯ ಟೊಂಗೆಯನ್ನೂ ಅಡ್ಡ ಹಾಕಿದರು. ಚಹಕ್ಕೆಂದು ರೊಕ್ಕ ಕೊಡಹೋದರೆ ನಕ್ಕು, ಹೊಲಕ್ಕೆ ಮರಳಿದರು.

ಕ್ರೇನು ಕಲಬುರಗಿಯಿಂದ ಬರುವುದಕ್ಕೆ ಎರಡು ಗಂಟೆ ಹಿಡಿಯಿತು. ಕತ್ತಲೆಯಲ್ಲಿ ದಂಡೆಯ ಮೇಲೆ ನಿಂತು ಒಂದೊಂದೇ ಲಾರಿಯ ದೀಪವನ್ನು ನೋಡುತ್ತಿದ್ದೆ. ದೀಪ ನೇರವಾಗಿ ನನ್ನ ಕಾರಿನ ಕಡೆಗೇ ಬರುವುದು, ಕಲ್ಲಿನ ಮೇಲೆ ಬಿದ್ದೊಡನೆ ಪಕ್ಕಕ್ಕೆ ಹೊರಳುವುದು. ಆ ಎರಡು ಗಂಟೆ ನನ್ನನ್ನು ಕಾದದ್ದು ಆ ಕಲ್ಲುಗಳೇ. ಕಾರಿನೊಡನೆಯೇ ಬಂದಿದ್ದ ಕೆಂಪು ತ್ರಿಕೋನದ ಫಲಕವೊಂದು ಡಿಕ್ಕಿಯಲ್ಲಿ ಮುಸುಕು ಬಿಚ್ಚದೆ ಮಲಗಿತ್ತು. ಅದರ ನೆನಪು ನನಗೆ ಬಂದದ್ದು ಮರುದಿನ.

ಕ್ರೇನಿನವನು ನುರಿತ ಮನುಷ್ಯ. ಮೊದಲು ನಾಲ್ಕು ಕಡೆಯಿಂದಲೂ ಫೋಟೋ ತೆಗೆದುಕೊಳ್ಳಲು ಹೇಳಿದ. ಕಾಗದಪತ್ರಗಳನ್ನು ಎತ್ತಿಟ್ಟುಕೊಳ್ಳಲು ಹೇಳಿದ. ಗಿಯರನ್ನು ನ್ಯೂಟ್ರಲ್ಲಿಗೆ ತಂದು, ಕೈಬ್ರೇಕು ಇಳಿಸಿದ. ಸರಪಳಿ ಬಿಗಿದು ಮುಂದಿನ ಗಾಲಿಗಳನ್ನು ಮೇಲೆತ್ತಿದ. ಹೊರಡುವ ಮುನ್ನ, “ಕಲ್ಲ್ ಸರಿಸಿದ್ರೇನ್ರಿ ಸರ?” ಎಂದು ಕೇಳಿದ. ಆ ಮಾತು ನನ್ನ ಕಿವಿಗೆ ಬಿದ್ದಿತು, ಮನಸ್ಸಿಗೆ ಬೀಳಲಿಲ್ಲ. ವಿಮೆಯವರು ಎಷ್ಟು ಕೊಟ್ಟಾರು, ಎಷ್ಟು ಕೈಯಿಂದ ಹೋದೀತು ಎಂಬ ಲೆಕ್ಕದಲ್ಲಿ ನಾನಿದ್ದೆ. “ಹೂಂ” ಎಂದೆ.

ಕಲ್ಲುಗಳು ನೆನಪಾದಾಗ ಹತ್ತು ಕಿಲೋಮೀಟರು ಕಳೆದಿತ್ತು. ಹಿಂದಕ್ಕೆ ತಿರುಗಿಸೆಂದರೆ ಅವನು ಒಪ್ಪುತ್ತಿದ್ದನೋ ಇಲ್ಲವೋ, ನಾನಂತೂ ಕೇಳಲಿಲ್ಲ. ಯಾರಾದರೂ ಸರಿಸಿಯಾರು ಎಂದುಕೊಂಡೆ. ಈ ‘ಯಾರಾದರೂ’ ಎಂಬ ಮಹಾನುಭಾವನಿಗೆ ನಾವು ಹೊರಿಸಿರುವ ಕೆಲಸ ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಕಲ್ಲಿಗಾಗಿ ಹೋದೆನೆಂದರೆ ಸುಳ್ಳಾಗುತ್ತದೆ. ಕಾರಿನ ಮುಂದಿನ ನಂಬರು ಫಲಕ ಕಳಚಿ ಬಿದ್ದಿತ್ತು, ಅದಕ್ಕಾಗಿ ಹೋದೆ. ಫಲಕ ಹುಲ್ಲಿನಲ್ಲಿ ಸಿಕ್ಕಿತು. ಕಲ್ಲುಗಳು ಇಟ್ಟಲ್ಲಿಯೇ ಇದ್ದವು. ಒಂದರ ಬಳಿ ಮೋಟಾರು ಸೈಕಲಿನ ದೀಪದ ಚೂರುಗಳು ಹರಡಿದ್ದವು. ಆಚೆಯ ಚಹದಂಗಡಿಯವನು ಹೇಳಿದ: “ರಾತ್ರಿ ಒಬ್ಬ ಹುಡುಗ ಬಿದ್ದಾನ್ರಿ. ಕೈ ಮುರದಂಗ ಕಾಣ್ತಿತ್ತು. ಜೀಪಿನ್ಯಾಗ ಹಾಕಿ ದವಾಖಾನಿಗಿ ಕಳಿಸಿದ್ವಿ. ಯಾವ ಪುಣ್ಯಾತ್ಮ ಇಟ್ಟು ಹೋಗ್ಯಾನೋ ಏನೋ.”

ನಾನು ಚಹ ಕುಡಿದೆ; ಏನೂ ಹೇಳಲಿಲ್ಲ. ಆಮೇಲೆ ಹೋಗಿ ನಾಲ್ಕು ಕಲ್ಲುಗಳನ್ನೂ ಒಂದೊಂದಾಗಿ ದಂಡೆಗೆ ಉರುಳಿಸಿದೆ. ಆತ ದೂರದಿಂದಲೇ, “ಭಾಳ ಛಲೋ ಕೆಲಸ ಮಾಡಿದ್ರಿ ನೋಡ್ರಿ ಸರ,” ಎಂದ.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಆ ಹುಡುಗನ ಕೈಗೆ ನಾನು ಹೊಣೆಯೇ? ನನ್ನ ಪರವಾಗಿ ವಾದಿಸುವುದು ಕಷ್ಟವಲ್ಲ. ಕಲ್ಲು ಇಟ್ಟವನು ನಾನಲ್ಲ. ಇಟ್ಟವರು ನನ್ನ ಮೇಲಿನ ಕರುಣೆಯಿಂದ ಇಟ್ಟರು. ಹುಡುಗ ವೇಗವಾಗಿ ಬಂದಿರಬಹುದು. ನಾನು ಬೇಕೆಂದು ಬಿಟ್ಟುಹೋಗಲಿಲ್ಲ, ಮರೆತೆ. ಮೊದಲನೆಯ ವಾದ ನಿಲ್ಲುವುದಿಲ್ಲ: ಇಟ್ಟವರು ಯಾರೇ ಆಗಲಿ, ಇಟ್ಟದ್ದು ನನಗಾಗಿ, ನನ್ನ ಗಾಡಿ ಹೊರಟೊಡನೆ ಅವಕ್ಕೆ ಅಲ್ಲಿರಲು ಕಾರಣವೇ ಉಳಿಯಲಿಲ್ಲ. ಎರಡನೆಯದು ಹುಡುಗನ ತಪ್ಪನ್ನು ತೋರಿಸೀತೇ ಹೊರತು ನನ್ನದನ್ನು ಅಳಿಸದು. ಉಳಿದದ್ದು ಮರೆವು.

ಕಾನೂನು ಮರೆವಿಗೆ ಅಷ್ಟಾಗಿ ಮಣಿಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಸಂಚಾರಕ್ಕೆ ಅಪಾಯವಾಗುವಂತೆ ನಿಂತ ಗಾಡಿಯನ್ನು ಪೊಲೀಸರು ಎಳೆಸಿ ಹಾಕಿಸಬಹುದು. ಎಳೆಸಿದ ಖರ್ಚು ಯಜಮಾನನದು. 1860ರ ದಂಡಸಂಹಿತೆಯಂತೂ, ಮಾಡಿದ ಕೆಲಸದಿಂದ ಮಾತ್ರವಲ್ಲ, ತನ್ನ ವಶದಲ್ಲಿರುವ ವಸ್ತುವಿನ ವಿಷಯದಲ್ಲಿ ಮಾಡದೆ ಬಿಟ್ಟ ಕೆಲಸದಿಂದಲೂ ಸಾರ್ವಜನಿಕ ದಾರಿಯಲ್ಲಿ ಅಪಾಯ ಒದಗಿಸಿದವನಿಗೆ 200 ರೂಪಾಯಿಯವರೆಗೆ ದಂಡ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5,000 ರೂಪಾಯಿಯವರೆಗೆ ಏರಿದೆ. ಆದರೆ ದಾರಿಬದಿಯ ಕಲ್ಲು ಯಾರ ವಶದಲ್ಲಿರುವ ವಸ್ತು? ವಕೀಲರು ಈ ಪ್ರಶ್ನೆಯನ್ನು ಬಹಳ ಹೊತ್ತು ಎಳೆದಾಡಬಹುದು. ನನ್ನ ಒಳಗಿನ ವಕೀಲನೂ ಎಳೆದಾಡಿದ.

ಅವನ ಬಾಯಿ ಮುಚ್ಚಿಸಿದ್ದು ನಂಬರು ಫಲಕ. ಅಷ್ಟು ಗಾಬರಿಯಲ್ಲಿಯೂ ನಾನು ಕಾಗದಪತ್ರ ಮರೆಯಲಿಲ್ಲ, ಕನ್ನಡಕದ ಪೆಟ್ಟಿಗೆ ಮರೆಯಲಿಲ್ಲ. ಬಿದ್ದ ಫಲಕಕ್ಕಾಗಿ ನಲವತ್ತು ಕಿಲೋಮೀಟರಿನಷ್ಟು ದಾರಿ ಮರಳಿ ಹೋದೆ. ಡಿಕ್ಕಿಯಲ್ಲಿದ್ದ ತ್ರಿಕೋನವನ್ನು ರಸ್ತೆಯ ಮೇಲೆ ಇಟ್ಟಿದ್ದರೆ ಖಂಡಿತ ಎತ್ತಿಕೊಂಡು ಬರುತ್ತಿದ್ದೆ. ಅದು ನನ್ನದು, ಅದಕ್ಕೆ ಬೆಲೆಯಿದೆ. ಕಲ್ಲು ಯಾರದೂ ಅಲ್ಲ, ಅದಕ್ಕೆ ಬೆಲೆಯಿಲ್ಲ. ಅದನ್ನು ಎತ್ತದಿದ್ದರೆ ನಷ್ಟ ಬೇರೆಯವರದು. ಮರೆವು ಕುರುಡೆಂದು ಹೇಳುತ್ತಾರೆ. ನನ್ನ ಮರೆವಿಗೆ ಕಣ್ಣಿತ್ತು. ಯಾವುದನ್ನು ಬಿಟ್ಟರೆ ನನಗೆ ಬಾಧಕವಿಲ್ಲವೋ ಅದನ್ನೇ ಅದು ಆರಿಸಿ ಬಿಟ್ಟಿತು.

ಹಾಗೆಂದು ಈ ಸೀಮೆಯ ಜನ ಕಠಿಣರಲ್ಲ. ಹೊಲ ಬಿಟ್ಟು ನನಗಾಗಿ ಓಡಿಬಂದವರು ಅವರೇ. ನಡುರಾತ್ರಿ ಹುಡುಗನನ್ನು ಎತ್ತಿ ಜೀಪಿಗೆ ಹಾಕಿದವರೂ ಅವರೇ. ಆದರೆ ಹುಡುಗನನ್ನು ಎತ್ತಿದವರೂ ಕಲ್ಲನ್ನು ಎತ್ತಿರಲಿಲ್ಲ! ಕಣ್ಣೆದುರು ಬಿದ್ದವನಿಗೆ ನಮ್ಮ ಕೈ ತಾನಾಗಿ ಮುಂದಾಗುತ್ತದೆ. ಇನ್ನೂ ಬೀಳದವನಿಗೆ, ಯಾವ ಊರಿನವನೆಂದೂ ತಿಳಿಯದವನಿಗೆ, ಅದು ಮುಂದಾಗುವುದಿಲ್ಲ. ದಯೆಗೆ ಮುಖ ಬೇಕು. ದಾರಿಯ ಧರ್ಮವೋ ಮುಖ ಕಾಣದವನ ವಿಷಯದ್ದು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಅಶೋಕನ ಶಾಸನದ ಚಪ್ಪಡಿಯೊಂದು 1980ರ ದಶಕದಲ್ಲಿ ಸಿಕ್ಕಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅದು. ಅದೇ ಅರಸನ ಬೇರೆಡೆಯ ಶಾಸನಗಳಲ್ಲಿ, ದಾರಿಗಳ ಬದಿಗೆ ಮರ ನೆಡಿಸಿದ, ಬಾವಿ ತೋಡಿಸಿದ ಸಂಗತಿ ಬರುತ್ತದೆ, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು. ಆ ನೆರಳಿನಲ್ಲಿ ಕುಳಿತವರಲ್ಲಿ ಎಷ್ಟು ಮಂದಿಯ ಮುಖವನ್ನು ಆತ ಕಂಡಿದ್ದಾನು? ಸಾಮ್ರಾಜ್ಯವಿದ್ದವನು ಮರ ನೆಡಿಸಿದ. ನನ್ನಂಥವನಿಗೆ ಒದಗಿದ್ದ ಕೆಲಸ ನಾಲ್ಕು ಕಲ್ಲುಗಳನ್ನು ಮೂರು ಮಾರು ಪಕ್ಕಕ್ಕೆ ಉರುಳಿಸುವುದಷ್ಟೆ.

ಈಗ ತ್ರಿಕೋನದ ಮುಸುಕು ಬಿಚ್ಚಿಟ್ಟಿದ್ದೇನೆ. ದಾರಿಯಲ್ಲಿ ಕಲ್ಲಿನ ಸಾಲು ಕಂಡರೆ ಕಾರು ನಿಲ್ಲಿಸಿ ಸರಿಸುತ್ತೇನೆ. ಇದರಿಂದ ಆ ಹುಡುಗನ ಕೈಗೆ ಯಾವ ಉಪಕಾರವೂ ಆಗುವುದಿಲ್ಲವೆಂದು ಬಲ್ಲೆ. ಅವನ ಹೆಸರಾಗಲಿ ಊರಾಗಲಿ ನಾನು ಅಂದು ವಿಚಾರಿಸಲಿಲ್ಲ; ವಿಚಾರಿಸಿದರೆ ನನ್ನ ಹೆಸರನ್ನೂ ಹೇಳಬೇಕಾಗುತ್ತಿತ್ತು. ತಿಂಗಳಿಗೆ ಒಂದೆರಡು ಸಲ ಆ ದಾರಿಯಲ್ಲಿ ಹೋಗುತ್ತೇನೆ. ಚಹದಂಗಡಿಯವನು ನನ್ನ ಗುರುತು ಇಟ್ಟುಕೊಂಡಿದ್ದಾನೆ. ಕಲ್ಲು ಸರಿಸಿದ ಸಜ್ಜನನೆಂದು ಈಗಲೂ ಕೈಯೆತ್ತಿ ನಮಸ್ಕರಿಸುತ್ತಾನೆ.