ಅರಿತವನ ಋಣ

ವ್ಯವಸ್ಥೆಯಿಲ್ಲದೆ ಸಮಾಜವು ನಿಲ್ಲಲಾರದು. ಮಠವಾಗಲಿ, ಸಹಕಾರ ಸಂಘವಾಗಲಿ, ಸರಕಾರದ ಇಲಾಖೆಯಾಗಲಿ, ಹಲವರ ದುಡಿಮೆಯು ಒಂದು ನೇಮಕ್ಕೆ ಒಳಪಟ್ಟಾಗಲೇ ದೊಡ್ಡ ಕಾರ್ಯಗಳು ಕೈಗೂಡುತ್ತವೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಈ ಆಡಳಿತಕ್ರಮವೇ ಒಂದು ಶಾಸ್ತ್ರವಾಗಿದೆ. ಅದರಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿ ಪಡೆಯುವವರಿದ್ದಾರೆ. ಆ ಶಾಸ್ತ್ರದೊಳಗೇ ಒಂದು ವಿಮರ್ಶಕ ಪಂಥವೂ ಬೆಳೆದಿದೆ. ಸಂಸ್ಥೆಯು ಹೇಗೆ ಚುರುಕಾಗಿ ನಡೆದೀತೆಂದು ಕೇಳಿದರೆ ಸಾಲದು. ಅದು ಯಾರಿಗಾಗಿ ನಡೆಯುತ್ತಿದೆ, ಯಾರನ್ನು ಹೊರಗಿಟ್ಟು ನಡೆಯುತ್ತಿದೆ ಎಂದೂ ಕೇಳಬೇಕೆಂಬುದು ಆ ಪಂಥದ ವಾದ.

ಶರಣರ ಮಾರ್ಗವನ್ನು ಬಲ್ಲವರಿಗೆ ಇಂತಹ ಪ್ರಶ್ನೆ ಹೊಸದಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮೇಶ್ವರರನ್ನು ಅಲ್ಲಮಪ್ರಭುದೇವರು ಕಂಡು ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಕೆರೆಯು ಲೋಕಕ್ಕೆ ಉಪಕಾರಿಯೇ ಸರಿ; ಆದರೂ ಕಟ್ಟಿಸಿದವನ ಭಾವವನ್ನು ಪ್ರಭುದೇವರು ಒರೆಗೆ ಹಚ್ಚದೆ ಬಿಡಲಿಲ್ಲ. ಒಳ್ಳೆಯ ಕಾರ್ಯವೂ ಪ್ರಶ್ನೆಗೆ ಅತೀತವಲ್ಲವೆಂಬುದೇ ಅದರ ತಾತ್ಪರ್ಯ.

ಇದಕ್ಕೆ ಹತ್ತಿರದ ನಿದರ್ಶನವು ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿದೆ. ಅಲ್ಲಿ ತುಂಗಭದ್ರೆಯ ಎಡದಂಡೆಯ ಕಾಲುವೆಯು ಹುಟ್ಟಿ, ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರು ಸಾಗುತ್ತದೆ. ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರ ಹೊತ್ತಿಗೆ ಅದು ನೀರು ಕೊಡುವಂತಾಯಿತು. ಬರಗಾಲದ ಸೀಮೆಯನ್ನು ಕಾಯುವುದೇ ಅದರ ಮೂಲ ಸಂಕಲ್ಪ. ಆದುದರಿಂದ ಸ್ವಲ್ಪ ನೀರು ಬಹು ಹೊಲಗಳಿಗೆ ಹಂಚಿಕೆಯಾಗಲೆಂದು, ಯಾವ ಸರ್ವೇ ನಂಬರಿನಲ್ಲಿ ಯಾವ ಬೆಳೆಯೆಂಬುದನ್ನು ಸರಕಾರವೇ ಗೊತ್ತುಪಡಿಸಿತು. ಜೋಳ, ಶೇಂಗಾ, ಹತ್ತಿಗಳಂತಹ ಬೆಳೆಗಳಿಗೆ ಹೆಚ್ಚು ನೆಲವನ್ನೂ ಭತ್ತ, ಕಬ್ಬುಗಳಿಗೆ ಅಲ್ಪ ನೆಲವನ್ನೂ ಮೀಸಲಿಟ್ಟಿತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವು ಆ ಕಟ್ಟಳೆಯನ್ನು ಮೀರಿ ಹಬ್ಬಿತು. ಕೊನೆಯ ಭಾಗದ ಎಷ್ಟೋ ಹೊಲಗಳಿಗೆ ನೀರು ಮುಟ್ಟದಾಯಿತು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿ.ಎಂ.ಸಿ. ಇದ್ದ ಅದರ ಸಾಮರ್ಥ್ಯವು ಸುಮಾರು 105ಕ್ಕೆ ಇಳಿದುದು ಕೊರತೆಯನ್ನು ಮತ್ತಷ್ಟು ಹೆಚ್ಚಿಸಿತು.

ಇದೇ ಕಾಲುವೆಯನ್ನು ಕುರಿತು ಪೀಟರ್ ಮೊಲಿಂಗಾ ಎಂಬ ವಿದ್ವಾಂಸರು 1998ರಲ್ಲಿ ನೆದರ್ಲೆಂಡ್ಸಿನ ವಾಗೆನಿಂಗೆನ್ ಕೃಷಿ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದರು. 2003ರಲ್ಲಿ ಅದು ಭಾರತದಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಆ ಅಧ್ಯಯನವು ಕಚೇರಿಯ ಕಾಗದಗಳಲ್ಲಿ ನಿಲ್ಲದೆ ಉಪಕಾಲುವೆಯ ತೂಬಿನವರೆಗೆ ಇಳಿಯಿತು. ನೀರಿನ ಹಂಚಿಕೆಯನ್ನು ನಿರ್ಣಯಿಸುವುದು ಬರೆದ ನಿಯಮವೊಂದೇ ಅಲ್ಲವೆಂದೂ, ರೈತರು, ಇಲಾಖೆಯ ನೌಕರರು, ರಾಜಕಾರಣಿಗಳು ಇವರ ನಡುವಣ ಸೆಣಸಾಟ ಮತ್ತು ರಾಜಿಗಳೂ ಅದನ್ನು ನಿರ್ಣಯಿಸುತ್ತವೆಯೆಂದೂ ತೋರಿಸಿತು.

ಇಲ್ಲಿ ಗಮನಿಸತಕ್ಕ ಮಾತೊಂದಿದೆ. ನೀರು ಬಾರದಿದ್ದಾಗ ತೂಬಿನ ಬಳಿಯ ಬಡ ನೌಕರನನ್ನು ದೂರುವುದು ಸುಲಭ. ಮೇಲಿನವರ ಒತ್ತಡಕ್ಕೂ ಕೆಳಗಿನವರ ಕೋಪಕ್ಕೂ ನಡುವೆ ಸಿಕ್ಕಿಕೊಂಡ ಆತನನ್ನು ಬದಲಿಸಿದ ಮಾತ್ರಕ್ಕೆ ಕೊನೆಯ ಹೊಲವು ನೆನೆಯದು. ಕರ್ನಾಟಕವು 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಎಡೆಮಾಡಿಕೊಟ್ಟಿತು. ಅದು ಸರಿಯಾದ ಹೆಜ್ಜೆಯೇ ಅಹುದು. ಆದರೆ ಸಂಘದ ಸಭೆಯಲ್ಲಿ ಕೊನೆಯ ಹೊಲದವನ ಮಾತಿಗೆ ಬೆಲೆಯಿಲ್ಲದಿದ್ದರೆ ಹಳೆಯ ಅಸಮತೆಯೇ ಹೊಸ ಹೆಸರಿನಲ್ಲಿ ಕುಳಿತೀತು. ಅನುಭವ ಮಂಟಪದ ಹಿರಿಮೆಯು ಅಲ್ಲಿ ಜನ ಸೇರಿದುದರಲ್ಲಿ ಮಾತ್ರವಿಲ್ಲ; ಮಾದಾರನೂ ಅಂಬಿಗನೂ ಅಲ್ಲಿ ಆಡಿದರು, ಉಳಿದವರು ಕೇಳಿದರು.

ಹೀಗೆ ಸಂಸ್ಥೆಗಳನ್ನು ಪರೀಕ್ಷಿಸುವ ಸಂಶೋಧಕನು ತಾನು ನಿಂತಿರುವ ಸಂಸ್ಥೆಯನ್ನು ಪರೀಕ್ಷಿಸುವನೇ? ವಿಶ್ವವಿದ್ಯಾಲಯವೂ ಒಂದು ವ್ಯವಸ್ಥೆ. ಅಲ್ಲಿಯೂ ಪ್ರಬಂಧಗಳ ಎಣಿಕೆಯಿದೆ, ಗಡುವಿದೆ, ಬಡ್ತಿಯಿದೆ. ಕೊನೆಯ ಹೊಲದ ರೈತನು ತನ್ನ ಕೆಲಸವನ್ನು ಬಿಟ್ಟು, ಬಂದವನಿಗೆ ನೆರಳಿನಲ್ಲಿ ಎಡೆಕೊಟ್ಟು, ತನ್ನ ಕಷ್ಟವನ್ನು ತೋಡಿಕೊಳ್ಳುತ್ತಾನೆ. ಆ ಮಾತು ಪ್ರಬಂಧವಾಗುತ್ತದೆ, ಪ್ರಬಂಧವು ಪದವಿಯಾಗುತ್ತದೆ. ಹೇಳಿದವನ ಹೊಲವು ಮಾತ್ರ ಒಣಗಿಯೇ ಇರುತ್ತದೆ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಗತ್ಯಕ್ಕೆ ಮೀರಿದುದು ಇನ್ನೊಬ್ಬರ ಪಾಲು. ಮೇಲ್ಭಾಗದ ರೈತನಿಗೆ ಈ ಮಾತು ನೀರಿನ ವಿಷಯದಲ್ಲಿ ಸಲ್ಲುವಂತೆ, ಪಂಡಿತನಿಗೆ ಅರಿವಿನ ವಿಷಯದಲ್ಲಿಯೂ ಸಲ್ಲುತ್ತದೆ.

ಕಾಲುವೆಗೆ ನೀರು ತರುವುದು ಸಂಶೋಧಕನ ಕೈಯಲ್ಲಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಅದು ನಿಜ, ಸತ್ಯವನ್ನು ಕಂಡು ಹೇಳುವುದೇ ಆತನ ಕಾಯಕ. ಆದರೆ ದಾಸೋಹವಿಲ್ಲದ ಕಾಯಕವು ಅರ್ಧ. ಕಂಡುದನ್ನು ಆ ಊರಿನ ಭಾಷೆಯಲ್ಲಿ, ಆ ಊರಿನ ಕಟ್ಟೆಯ ಮೇಲೆ ಓದಿ ಹೇಳುವುದು, ತಪ್ಪಿದ್ದರೆ ಅಲ್ಲಿಯವರಿಂದ ತಿದ್ದಿಸಿಕೊಳ್ಳುವುದು, ಬಲ್ಲಿದರಿಗೆ ಅಪ್ರಿಯವಾದರೂ ಮರೆಮಾಚದಿರುವುದು, ಇಷ್ಟು ಆತನ ಕೈಯಲ್ಲಿದೆ.

ಮಠ, ವಿದ್ಯಾಸಂಸ್ಥೆ, ಸಂಘಗಳ ಭಾರವನ್ನು ಹೊತ್ತ ಗೃಹಸ್ಥರೂ ಈ ಅಳತೆಗೋಲನ್ನು ತಮ್ಮ ಕೈಗೆತ್ತಿಕೊಳ್ಳಬಹುದು. ವರದಿಯ ಮೊದಲ ಪುಟವನ್ನು ನೋಡಿ ತೃಪ್ತರಾಗದೆ, ತಮ್ಮ ವ್ಯವಸ್ಥೆಯ ಕಟ್ಟಕಡೆಯಲ್ಲಿ ನಿಂತವನಿಗೆ ಏನು ಮುಟ್ಟಿತೆಂದು ವಿಚಾರಿಸಲಿ. ಅವನನ್ನು ಕೇಳದೆ ಬರೆದ ಲೆಕ್ಕವು ಎಷ್ಟು ಅಚ್ಚುಕಟ್ಟಾಗಿದ್ದರೂ ಪೂರ್ಣವಾಗದು.