ಸಹಿಯಿಲ್ಲದ ಓಲೆ

ಒಂದು ಸಂಸ್ಥೆ ಕೈಬದಲಾದಾಗ ಕೆಲವರು ಕೆಲಸ ಕಳೆದುಕೊಳ್ಳುವುದು ಹೊಸತಲ್ಲ. ನೌಕರರನ್ನು ತೆಗೆಯುವುದರ ನ್ಯಾಯಾನ್ಯಾಯ ಒಂದು ವಿಚಾರ; ಅದನ್ನು ತಿಳಿಸುವ ಬಗೆ ಇನ್ನೊಂದು. ಎರಡನೆಯದನ್ನು ನಾವು ಬರಿಯ ಶಿಷ್ಟಾಚಾರವೆಂದು ಕಡೆಗಣಿಸುತ್ತೇವೆ. ಗಡಿನಾಡಿನ ನಮ್ಮ ಮನೆಗಳ ಮಕ್ಕಳೂ ಇಂದು ದೊಡ್ಡ ನಗರಗಳ ಕಂಪನಿಗಳಲ್ಲಿ ದುಡಿಯುತ್ತಿರುವಾಗ ಈ ಪ್ರಶ್ನೆ ನಮಗೆ ದೂರದ್ದಲ್ಲ.

2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ ಅವರು 4,400 ಕೋಟಿ ಡಾಲರುಗಳ ವ್ಯವಹಾರದಲ್ಲಿ ಟ್ವಿಟರನ್ನು ಕೊಂಡರು. ಒಂದು ವಾರದಲ್ಲಿ ನೌಕರರಿಗೆಲ್ಲ ಒಂದು ಇ-ಮೇಲ್ ಬಂದಿತು. ಮರುದಿನ ಬೆಳಿಗ್ಗೆ 9 ಗಂಟೆಯೊಳಗೆ ಪ್ರತಿಯೊಬ್ಬರಿಗೂ ಪತ್ರ ತಲುಪುವುದು. ಉಳಿಯುವವರಿಗೆ ಕಚೇರಿಯ ವಿಳಾಸಕ್ಕೆ, ಹೋಗುವವರಿಗೆ ಸ್ವಂತ ವಿಳಾಸಕ್ಕೆ. ಕೊನೆಯಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ. ‘ಟ್ವಿಟರ್’ ಎಂದಷ್ಟೇ ಇತ್ತು. ಕಂಪ್ಯೂಟರು ತೆರೆಯದಿದ್ದಾಗಲೇ ಹಲವರಿಗೆ ಸಂಗತಿ ತಿಳಿಯಿತು. ಸುಮಾರು 7,500 ಮಂದಿಯಲ್ಲಿ ಅರ್ಧದಷ್ಟು ಜನ ಹೊರಬಿದ್ದರು. ದಿನಕ್ಕೆ 40 ಲಕ್ಷ ಡಾಲರಿಗೂ ಮಿಗಿಲಾದ ನಷ್ಟವಿರುವಾಗ ಬೇರೆ ದಾರಿಯಿಲ್ಲವೆಂದು ಒಡೆಯರು ಅನಂತರ ಲೋಕಕ್ಕೆಲ್ಲ ಕಾಣುವಂತೆ ಬರೆದರು.

ಸಾವಿರಾರು ಜನರಿಗೆ ಒಬ್ಬೊಬ್ಬರಿಗೂ ಎದುರು ಕುಳಿತು ಹೇಳಲಾದೀತೇ ಎಂದು ಕೇಳಬಹುದು. ಗ್ರಾಹಕರ ಮಾಹಿತಿಯನ್ನು ಕಾಯಬೇಡವೇ ಎಂದೂ ಕೇಳಬಹುದು. ಒಪ್ಪೋಣ. ಆದರೆ ಓಲೆಯ ಕೆಳಗೆ ಹೆಸರು ಬರೆಯಲು ಎಷ್ಟು ಹೊತ್ತು ಬೇಕು? ಊರುಗಳಲ್ಲಿ ಸಾವಿನ ಸುದ್ದಿಯನ್ನು ಒಬ್ಬರು ನಡೆದು ಬಂದು ಹೇಳುತ್ತಿದ್ದರು. ಸುದ್ದಿ ತಂದವನು ಆ ಮನೆಯ ದುಃಖದೆದುರು ತುಸು ಹೊತ್ತಾದರೂ ನಿಲ್ಲಬೇಕಾಗಿತ್ತು. ಅವನು ದುಃಖವನ್ನು ಕಡಿಮೆ ಮಾಡುತ್ತಿರಲಿಲ್ಲ. ದುಃಖಿಸುವವರನ್ನು ಮನುಷ್ಯರೆಂದು ಕಾಣುತ್ತಿದ್ದನು.

ನಾವು ಬಯಸುವುದು ಸಿಹಿಮಾತನ್ನಲ್ಲ. ನಾವೆಲ್ಲ ಒಂದೇ ಕುಟುಂಬವೆಂದು ಹೇಳುತ್ತಲೇ ಬಾಗಿಲು ತೋರಿಸುವುದಕ್ಕಿಂತ ಒರಟಾದ ಸತ್ಯವೇ ಮೇಲು. ನಮ್ಮ ದೇಶದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು, ವರ್ಷಕಾಲ ಸತತವಾಗಿ ದುಡಿದ ಕಾರ್ಮಿಕನನ್ನು ತೆಗೆಯುವಾಗ ಕಾರಣ ಸಹಿತವಾದ ಒಂದು ತಿಂಗಳ ನೋಟೀಸನ್ನು, ಇಲ್ಲವೇ ಅದಕ್ಕೆ ಬದಲಾಗಿ ಸಂಬಳವನ್ನು ಕೊಡಬೇಕೆಂದು ವಿಧಿಸಿತ್ತು. ಹಣವನ್ನಷ್ಟೇ ನೆನೆಯದೆ ಕಾರಣವನ್ನೂ ನೆನೆದ ಆ ವಿಧಿಯಲ್ಲಿ ವಿವೇಕವಿದೆ. ಕಾರಣ ಕೇಳುವವನು ದಯೆ ಬೇಡುತ್ತಿಲ್ಲ; ತನ್ನ ಬಾಳಿನ ಬಗ್ಗೆ ತೀರ್ಮಾನವಾದುದನ್ನು ತಿಳಿಯಬಯಸುತ್ತಾನೆ.

ಮೂರು ತಿಂಗಳ ಸಂಬಳ ಮುಂದಿನ ಬಾಡಿಗೆಯನ್ನು ತೀರಿಸೀತು. ನನ್ನನ್ನು ತೆಗೆದವರು ಯಾರು, ಏಕೆ ಎಂಬ ಪ್ರಶ್ನೆಯನ್ನು ಅದು ತೀರಿಸದು. ಕೆಲಸ ಕೊಡುವಾಗ ಸಹಿ ಮಾಡುವ ಕೈ ಕೆಲಸ ಕಸಿಯುವಾಗಲೂ ಸಹಿ ಮಾಡಲಿ. ಹಾಗೆ ಸಹಿ ಮಾಡಲು ಹಿಂಜರಿಕೆಯಾದರೆ, ಆ ತೀರ್ಮಾನವನ್ನು ಇನ್ನೊಮ್ಮೆ ಯೋಚಿಸುವುದು ಒಳಿತು.